ದೊಡ್ಡವ್ವನ ಮೀಸಲು

ಕೆಲಸಕ್ಕೆ ಕುಳಿತಾಗ ಅಕ್ಕ ಎಡಗೈಯನ್ನು ಬೆನ್ನ ಹಿಂದೆ ತಂದು ಸೊಂಟದ ಸೆರಗಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ತೆರೆದ ಆಂಪ್ಲಿಫೈಯರಿನ ಒಳಗೆ ಹೋಗುತ್ತಿದ್ದುದು ಬಲಗೈ ಮಾತ್ರ. ಅವರು ಮಾಡುತ್ತಿದ್ದುದು ವಾಲ್ವ್ ಆಂಪ್ಲಿಫೈಯರುಗಳನ್ನು. ಗಿಟಾರಿನ ಸಣ್ಣ ದನಿಯನ್ನು ಇಡೀ ಸಭೆಗೆ ಕೇಳುವಂತೆ ಮಾಡುವ, ಒಳಗೆ ಗಾಜಿನ ವಾಲ್ವುಗಳು ಕೆಂಡದ ಬಣ್ಣದಲ್ಲಿ ಉರಿಯುವ, ಇಬ್ಬರು ಹಿಡಿದರಷ್ಟೇ ಏಳುವ ಭಾರದ ಪೆಟ್ಟಿಗೆಗಳವು. ಪ್ಲಗ್ಗು ಕಿತ್ತ ಮೇಲೂ ಅವುಗಳ ಹೊಟ್ಟೆಯಲ್ಲಿ ಸ್ವಲ್ಪ ಹೊತ್ತು ವಿದ್ಯುತ್ತು ಉಳಿದಿರುತ್ತದೆ.

"ಎರಡ್ ಕೈನೂ ಒಳಗಿಟ್ರ, ಕರೆಂಟು ಒಂದ್ ಕೈಲಿ ಅತ್ತಿ ಇನ್ನೊಂದ್ ಕೈಲಿ ಇಳೀತದ. ನಡುವ ಇರದು ಎದೆ. ಅದ್ಕೇ ಒಂದ್ ಕೈ ಮನ್ಲೇ ಬುಟ್ಟು ಬಂದಿವ್ನಿ ಅನ್ಕಬೇಕು," ಎನ್ನುತ್ತಿದ್ದರು.

ಆ ಅಭ್ಯಾಸ ಅಂಗಡಿಯ ಹೊರಗೂ ಅವರನ್ನು ಬಿಟ್ಟಿರಲಿಲ್ಲ. ಸೊಪ್ಪು ಆರಿಸುವಾಗ, ಬಸ್ಸಿಗೆ ಕಾಯುವಾಗ, ನನ್ನ ವಾದಗಳನ್ನು ಕೇಳುವಾಗಲೂ ಎಡಗೈ ಹಿಂದೆಯೇ ಇರುತ್ತಿತ್ತು. "ನೀವು ಎಲ್ಲಾದ್ಕೂ ಎರಡೂ ಕೈ ಆಕ್ತೀರಿ ಮೇಷ್ಟ್ರೇ. ಒಂದಿನ ಒಡೀತದ," ಎಂದು ನನ್ನನ್ನು ಹಂಗಿಸುತ್ತಿದ್ದರು. ಈ ವರ್ಷ ಬೇಸಿಗೆಯ ಮೊದಲಿಗೆ ಅವರು ತೀರಿಕೊಂಡರು. ಅವರನ್ನು ಮಲಗಿಸಿದ್ದ ಚಾಪೆಯ ಬಳಿ ನಿಂತಾಗ, ಎರಡು ಕೈಗಳನ್ನೂ ಎದೆಯ ಮೇಲೆ ಜೋಡಿಸಿದ್ದುದನ್ನು ಕಂಡು, ಇದು ಬೇರೆ ಯಾರೋ ಎಂದು ನನಗೆ ಒಂದು ಕ್ಷಣ ಅನ್ನಿಸಿತು.

ನಾನು ಚಾಮರಾಜನಗರದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ವಿದ್ಯಾರ್ಥಿದೆಸೆಯಲ್ಲಿ ಚರ್ಚಾಸ್ಪರ್ಧೆಗಳ ಫಲಕಗಳನ್ನು ಗೆದ್ದವನು. ಸಮಾಜವು ಒಳ್ಳೆಯ ವಾದಕ್ಕೆ ಕೊನೆಗೂ ಮಣಿಯುತ್ತದೆ ಎಂಬ ನಂಬಿಕೆ ನನ್ನಲ್ಲಿ ಮೂಡಿದ್ದು ಆ ವೇದಿಕೆಗಳ ಮೇಲೆಯೇ. ಊರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದ ಅವರನ್ನು ಮೊದಲು ಕಂಡದ್ದೂ ಅಂಥದೊಂದು ವೇದಿಕೆಯಲ್ಲಿ. ನಮ್ಮ ಸಭಾಂಗಣದ ಹಳೆಯ ಮೈಕ್ ಸೆಟ್ಟು ನನ್ನ ಭಾಷಣದ ನಡುವೆ ಗುಂಯ್‌ಗುಟ್ಟತೊಡಗಿತು. ಯಾರೋ ಓಡಿಹೋಗಿ ಅಕ್ಕನನ್ನು ಕರೆತಂದರು. ಅವರು ನನ್ನ ಕಾಲ ಬಳಿಯೇ ಕುಳಿತು, ಮರದ ಸೌಟಿನ ಹಿಡಿಯಿಂದ ವಾಲ್ವುಗಳನ್ನು ಒಂದೊಂದಾಗಿ ಮೆಲ್ಲಗೆ ತಟ್ಟಿ, ಒಂದನ್ನು ಬದಲಿಸಿದರು. ನಾನು ಮಾತು ನಿಲ್ಲಿಸಿರಲಿಲ್ಲ. ಮುಗಿದ ಮೇಲೆ ಧನ್ಯವಾದ ಹೇಳಲು ಹೋದೆ.

"ಮೈಕು ಸರಿ ಓಯ್ತು. ಮಾತು ಮಾತ್ರ ಅಂಗೇ ಅದ," ಎಂದು ಸೌಟನ್ನು ಚೀಲಕ್ಕೆ ಹಾಕಿಕೊಂಡು ಹೊರಟರು.

ಹರೆಯದಲ್ಲಿ ಅವರು ಬೆಂಗಳೂರಿನ ರೇಡಿಯೋ ಕಾರ್ಖಾನೆಯೊಂದರಲ್ಲಿ ತಂತಿ ಸುತ್ತುವ ವಿಭಾಗದಲ್ಲಿದ್ದರು. ವಾಲ್ವುಗಳ ಕಾಲ ಮುಗಿದು ಆ ವಿಭಾಗ ಮುಚ್ಚಿದಾಗ, ಸುತ್ತುವ ಯಂತ್ರವೊಂದನ್ನೂ ಯಾರಿಗೂ ಬೇಡವಾಗಿದ್ದ ವಾಲ್ವುಗಳ ಪೆಟ್ಟಿಗೆಗಳನ್ನೂ ಕೊಂಡು ಊರಿಗೆ ಮರಳಿದರು. ಮದುವೆಯಾಗಲಿಲ್ಲ. ತಾಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ತಮ್ಮನ ಮನೆಯ ಮುಂಗೋಣೆಯೇ ಅಂಗಡಿಯಾಯಿತು. ಮೊದಲು ಮೈಕ್ ಸೆಟ್ಟು, ಆಮೇಲೆ ಗಣೇಶನ ಹಬ್ಬದ ಆರ್ಕೆಸ್ಟ್ರಾಗಳ ಗಿಟಾರಿಗೆಂದು ಒಂದು ಆಂಪ್ಲಿಫೈಯರ್. ಅದರ ಸದ್ದು ಗುಂಡ್ಲುಪೇಟೆಯ ದಾರಿ ಹಿಡಿದು ಊಟಿಗೂ ವಯನಾಡಿಗೂ ಹೋಯಿತು. ಚರ್ಚಿನ ವಾದ್ಯವೃಂದದವರು, ಬೋರ್ಡಿಂಗ್ ಶಾಲೆಗಳ ಸಂಗೀತದ ಮೇಷ್ಟ್ರುಗಳು ಗುಂಡ್ಲುಪೇಟೆಯ ಬಸ್ ನಿಲ್ದಾಣದವರೆಗೆ ಬಂದು ಪೆಟ್ಟಿಗೆ ಇಳಿಸಿಕೊಂಡು ಹೋಗುತ್ತಿದ್ದರು. ಮನೆಯಲ್ಲಿ ನುಡಿಸುವ ಸಣ್ಣ ಮಾದರಿಗೆ ಅಕ್ಕ ಚಿಕ್ಕವ್ವ ಎಂದು ಹೆಸರಿಟ್ಟಿದ್ದರು. ಬಯಲಿನಲ್ಲಿ ನುಡಿಸುವ, ತಮಗೆ ತಿಳಿದದ್ದನ್ನೆಲ್ಲ ಸುರಿದು ಕಟ್ಟಿದ ದೊಡ್ಡ ಮಾದರಿ ದೊಡ್ಡವ್ವ.

ದೊಡ್ಡವ್ವನನ್ನು ಅವರು ಯಾರ ಕೈಗೂ ಕೊಟ್ಟು ಕಳಿಸುತ್ತಿರಲಿಲ್ಲ, ತಾವೇ ಒಯ್ಯುತ್ತಿದ್ದರು. ರಿಪೇರಿಯಾದ ಒಂದು ದೊಡ್ಡವ್ವನ ಜೊತೆ ಗುಂಡ್ಲುಪೇಟೆಗೆ ಹೊರಟ ದಿನ ನಾನೂ ಆ ಬಸ್ಸಿನಲ್ಲಿದ್ದೆ. ಹೆಂಗಸರಿಗೆ ಬಸ್ಸು ಬಿಟ್ಟಿಯಾಗಿ ಆಗ ಬಹಳ ದಿನಗಳಾಗಿರಲಿಲ್ಲ. ಪೆಟ್ಟಿಗೆಯನ್ನು ಕಿಟಕಿಯ ಪಕ್ಕದ ಸೀಟಿನಲ್ಲಿ ಕೂರಿಸಿ, ಅದರ ಮಗ್ಗುಲಲ್ಲಿ ಅಕ್ಕ ಕುಳಿತಿದ್ದರು.

"ಅಕ್ಕೋ, ನಿಮಗ ಫ್ರೀ. ಇದ್ಕ ಲಗೇಜ್ ಟಿಕೆಟ್ ತಕ್ಕಳಿ," ಎಂದ ಕಂಡಕ್ಟರ್.

"ಇದ್ರ ಎಸ್ರು ಏನು ಗೊತ್ತಾ ನಿಂಗ?"

"ಎಸ್ರು ತಕ್ಕಂಡು ನಾನೇನ್ ಮಾಡನ?"

"ದೊಡ್ಡವ್ವ. ಎಂಗ್ಸು. ಇವಳ್ಗೂ ಫ್ರೀ."

ಬಸ್ಸೆಲ್ಲ ನಕ್ಕಿತು. ಕಂಡಕ್ಟರ್ ಸೋಲುವವನಲ್ಲ. "ಆಧಾರ್ ಕಾರ್ಡು ತೋರ್ಸಿ ಮತ್ತ!"

"ತೋರುಸ್ತಿನಿ, ಒಂದ್ ಗಳ್ಗ ತಡಿ. ಇವಳು ಬಾಯ್ ಬುಟ್ರ ನಿನ್ ಬಸ್ಸಿನ ಗಾಜ್ ಉಳಿಯಲ್ಲ."

ಕೊನೆಗೆ ಟಿಕೆಟ್ ತೆಗೆದುಕೊಂಡರು. ಆ ಚೀಟಿಯನ್ನು ಪೆಟ್ಟಿಗೆಯ ಹಿಡಿಕೆಗೆ ಸಿಕ್ಕಿಸಿ, "ನೋಡವ್ವ, ಮರ್ಯಾದಸ್ತಳಾಗಿ ಕೂತಿರು," ಎಂದು ಅದಕ್ಕೇ ಬುದ್ಧಿ ಹೇಳಿದರು.

ಅವರನ್ನು ಬರಿಯ ಹಾಸ್ಯಗಾರ್ತಿ ಎಂದು ಯಾರೂ ತಿಳಿಯಬಾರದು. ಅವರ ಬಿಗುಮಾನ ಸಹಿಸಲು ಕಷ್ಟವಾದದ್ದು. ತಮ್ಮ ಪೆಟ್ಟಿಗೆಯನ್ನು ಬೇರೆಯವರಿಂದ ಬಿಚ್ಚಿಸಿದವರನ್ನು ಹೊಸ್ತಿಲಿನಿಂದಲೇ ಕಳಿಸುತ್ತಿದ್ದರು. ನಾನೂ ಸೇರಿ ಕಟ್ಟಿದ್ದ ಕುಶಲಕರ್ಮಿಗಳ ಸಂಘದ ತರಬೇತಿಗೆ ಬನ್ನಿ, ನಾಲ್ಕು ಜನರಿಗೆ ತಂತಿ ಸುತ್ತುವುದನ್ನು ಕಲಿಸಿ ಎಂದು ನಾನು ವರ್ಷಗಟ್ಟಲೆ ಬೇಡಿದೆ. ಒಮ್ಮೆ ಬಂದರು. ಬಂದವರ ಕೈಗಳನ್ನು ಮುಟ್ಟಿ ನೋಡಿ, "ಬೆವರ್ ಕೈಯೋರು ಆಗಲ್ಲ," ಎಂದು ಎಲ್ಲರನ್ನೂ ಎಬ್ಬಿಸಿದರು. ಅದು ಬೇಸಿಗೆ, ಅಲ್ಲಿ ಬೆವರದವರು ಯಾರೂ ಇರಲಿಲ್ಲ. ಅದು ಅವರ ತಪ್ಪೇ ಎಂದು ನಾನು ಅವರೆದುರಿಗೇ ಹೇಳಿದ್ದೆ, ಈಗಲೂ ಹಾಗೆಯೇ ನಂಬುತ್ತೇನೆ.

ಇನ್ನು ಮೀಸಲಿನ ವಿಷಯ. ನಮ್ಮ ಸೀಮೆಯಲ್ಲಿ ಮಾದಪ್ಪನ ಒಕ್ಕಲಿನ ಮನೆಗಳವರು ಹೊಸ ರಾಗಿಯಲ್ಲಿ ಮೊದಲ ಪಾಲನ್ನು ಬಟ್ಟೆಯಲ್ಲಿ ಕಟ್ಟಿ ದೇವರಿಗೆಂದು ಎತ್ತಿಡುತ್ತಾರೆ. ಅದು ಮೀಸಲು. ಮನೆಯಲ್ಲಿ ಅಂದು ಹಿಟ್ಟಿಲ್ಲದಿದ್ದರೂ ಆ ಗಂಟಿಗೆ ಕೈ ಹೋಗುವುದಿಲ್ಲ. ನಾಳೆ ತುಂಬಿಸುತ್ತೇನೆಂದು ಕೈಗಡವಾಗಿಯೂ ತೆಗೆಯುವುದಿಲ್ಲ. ಅಕ್ಕ ಈ ಪದ್ಧತಿಯನ್ನು ತಮ್ಮ ಕಸುಬಿಗೆ ತಂದುಕೊಂಡಿದ್ದರು. ದೊಡ್ಡವ್ವನಿಗೆ ನಾಲ್ಕು ದೊಡ್ಡ ವಾಲ್ವು ಬೇಕು. ನಾಲ್ಕೂ ಒಂದೇ ಹದದವಾಗಿರಬೇಕು, ಎತ್ತುಗಳ ಜೋಡಿಯ ಹಾಗೆ. ಒಂದು ದೊಡ್ಡವ್ವನಿಗೆ ವಾಲ್ವು ಕೂರಿಸುವ ಮೊದಲು ಅಕ್ಕ ತಮ್ಮ ಹಳೆಯ ದಾಸ್ತಾನಿನಿಂದ ಅಂಥ ನಾಲ್ಕನ್ನು ಆರಿಸಿ, ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿ, ಬೀರುವಿನಲ್ಲಿ ಇಡುತ್ತಿದ್ದರು. ಮುಂದೆಂದಾದರೂ ಆ ಪೆಟ್ಟಿಗೆ ಕೆಟ್ಟರೆ ಅದಕ್ಕೆ. ಅದಾದ ಮೇಲೆಯೇ ಪೆಟ್ಟಿಗೆಗೆ ವಾಲ್ವು. ಮೀಸಲು ಮುರಿದು ರಿಪೇರಿ ಮಾಡಿದ ದಿನವೇ ದಾಸ್ತಾನಿನಿಂದ ಹೊಸ ಗಂಟು ಕಟ್ಟುತ್ತಿದ್ದರು. ಗಂಟಿನ ಮೇಲೆ ಊರಿನ ಹೆಸರು: ಹರದನಹಳ್ಳಿ, ಉಡಿಗಾಲ, ಹಂಗಳ, ಗೂಡಲೂರು.

ಆ ಬೀರುವನ್ನು ಮೊದಲು ಕಂಡಾಗ ನನಗೆ ಅದು ಪರಮ ಸಂಪತ್ತಿನಂತೆ ತೋರಿತು. ಅದೊಂದು ಸೆರೆಮನೆಯೂ ಹೌದು ಎಂದು ತಿಳಿದದ್ದು ನಂತರ.

ಹಂಗಳದಿಂದ ಗಿಟಾರ್ ವಾದಕರೊಬ್ಬರು ಬರುತ್ತಿದ್ದರು. ಅಕ್ಕ ಕಟ್ಟಿದ ಮೊಟ್ಟಮೊದಲ ದೊಡ್ಡವ್ವನನ್ನು ಕೊಂಡವರು; ಆರ್ಕೆಸ್ಟ್ರಾ ನಿಂತ ಮೇಲೆ ಬಂಡೀಪುರದ ದಾರಿಯ ರೆಸಾರ್ಟೊಂದರಲ್ಲಿ ಪ್ರವಾಸಿಗರಿಗೆ ನುಡಿಸುತ್ತಿದ್ದರು. ಒಂದು ಭಾನುವಾರ ಅವರು ಕಂಕುಳಲ್ಲಿ ಟಿಫನ್ ಡಬ್ಬಿಯಷ್ಟು ಪುಟ್ಟ ಪೆಟ್ಟಿಗೆಯೊಂದನ್ನು ಹಿಡಿದುಕೊಂಡು ಬಂದರು. ನೆಲದ ಮೇಲಿಟ್ಟು ಕಾಲಿನಿಂದ ಒತ್ತುವ ಯಂತ್ರ. ಲೋಕದ ಎಲ್ಲ ಹೆಸರಾಂತ ವಾಲ್ವ್ ಆಂಪ್ಲಿಫೈಯರುಗಳ ದನಿಯ ನಕಲು ಅದರೊಳಗಿದೆ, ಈಗ ಎಲ್ಲರೂ ನುಡಿಸುವುದು ಇದರಲ್ಲೇ ಎಂದು ಸಂಕೋಚದಿಂದಲೇ ಹೇಳಿ, ಅಕ್ಕನಿಗೆ ನುಡಿಸಿ ತೋರಿಸಿದರು.

ನಾನು ಅಕ್ಕನ ಮುಖವನ್ನೇ ನೋಡುತ್ತಿದ್ದೆ. ಇದು ಬರಿಯ ಮೋಸ, ಇದರಲ್ಲಿ ಜೀವವಿಲ್ಲ ಎಂದು ಅವರು ಗುಡುಗಬೇಕು. ಆ ಗುಡುಗನ್ನು ಆಧಾರವಾಗಿಟ್ಟುಕೊಂಡು ನಾನು ಒಂದು ಲೇಖನವನ್ನಾದರೂ ಬರೆಯಬೇಕು. ಅಕ್ಕ ಕಣ್ಣು ಮುಚ್ಚಿ ಕೊನೆಯವರೆಗೆ ಕೇಳಿದರು.

"ಚೆಂದಾಗದ ಕನಪ್ಪ," ಎಂದರು.

"ಅಕ್ಕ, ನಿಜವಾಗಿಯೂ?" ಎಂದೆ ನಾನು.

"ಸುಳ್ಯಾಕ ಏಳನ? ಚೆಂದಾಗದ. ಅಗೂರಾಗೂ ಅದ. ನಾನೂ ವಯಸ್ಸಲ್ಲಿ ಇದ್ದಿದ್ರ ಇದ್ನೇ ಒತ್ಕಂಡು ತಿರುಗ್ತಿದ್ದಿ." ಆಮೇಲೆ ಹಂಗಳದವರ ಕಡೆ ತಿರುಗಿ ಕೇಳಿದರು: "ಕೆಟ್ರ?"

"ಕೆಟ್ರ ಎಸ್ದು ಇನ್ನೊಂದ್ ತರದು ಕನಕ್ಕ. ಇದ್ನ ಬಿಚ್ಚಕಾಗಲ್ಲ."

"ಓ," ಎಂದರು ಅಕ್ಕ. ಆ ಪುಟ್ಟ ಪೆಟ್ಟಿಗೆಯನ್ನು ತಿರುಗಿಸಿ, ಬುಡದಲ್ಲಿ ಬೆರಳಾಡಿಸಿ, ಎಲ್ಲಿಯೂ ಸ್ಕ್ರೂ ಸಿಗದೆ ವಾಪಸು ಇಟ್ಟರು.

ಅದಾದ ಕೆಲವೇ ತಿಂಗಳಿಗೆ ಮೈಸೂರಿನ ವಾದ್ಯದಂಗಡಿಯವರೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಅವರ ಮಾತು ನೇರವಾಗಿತ್ತು. ಸಣ್ಣಪುಟ್ಟ ವಾಲ್ವ್ ಆಂಪ್ಲಿಫೈಯರುಗಳ ಕಾಲ ಮುಗಿಯಿತು. ಆ ಜಾಗವನ್ನು ಕಾಲಿನ ಪೆಟ್ಟಿಗೆ ನುಂಗಿತು. ಉಳಿಯುವುದಾದರೆ ತುತ್ತತುದಿಯ ಮಾದರಿಯೊಂದೇ ಉಳಿಯುತ್ತದೆ. ಅದನ್ನು ಕೊಳ್ಳುವವರು ಕೆಲವರೇ, ಆದರೆ ಅವರಿಗೆ ಕೈಯಿಂದ ಕಟ್ಟಿದ್ದೇ ಬೇಕು, ಹಳೆಯ ವಾಲ್ವುಗಳೇ ಬೇಕು. ಈಗಲೂ ಹೊರದೇಶಗಳಲ್ಲಿ ತಯಾರಾಗುವ ಹೊಸ ವಾಲ್ವು ಹಾಕಿದರೆ ಅದು ಎಲ್ಲ ಅಂಗಡಿಯಲ್ಲೂ ಸಿಗುವ ಸರಕು. "ಅಕ್ಕನೋರು ದೊಡ್ಡವ್ವನ್ನ ಮತ್ತೆ ಮಾಡ್ಲಿ ಸಾರ್. ಎಷ್ಟಾದ್ರೆ ಅಷ್ಟು ನಾನು ತಗೋತೀನಿ. ನಿಮ್ಮ ಸಂಘದ ಹೆಸರಲ್ಲೇ ಮಾಡ್ಲಿ," ಎಂದರು.

ನನಗೆ ದಾರಿಯೊಂದು ತೆರೆದಂತಾಯಿತು. ಒಂದು ಊರು ತಾನು ಬಳಸುವ ಸಾವಿರ ವಸ್ತುಗಳಲ್ಲಿ ಒಂದನ್ನಾದರೂ ಎಲ್ಲರಿಗಿಂತ ಚೆನ್ನಾಗಿ ತಾನೇ ಮಾಡಬೇಕು ಎಂಬುದು ನನ್ನ ಸಿದ್ಧಾಂತ. ಅದಕ್ಕೆ ದೊಡ್ಡವ್ವನಿಗಿಂತ ಒಳ್ಳೆಯ ನಿದರ್ಶನ ನಮ್ಮ ಜಿಲ್ಲೆಯಲ್ಲಿ ಇರಲಿಲ್ಲ. ಅಡ್ಡಿ ಒಂದೇ. ಮೀಸಲಾಗದೆ ಉಳಿದಿದ್ದ ವಾಲ್ವುಗಳು ಒಂದು ಸಣ್ಣ ಡಬ್ಬಿಯಷ್ಟಿದ್ದವು. ಮಿಕ್ಕದ್ದೆಲ್ಲ ಬೀರುವಿನಲ್ಲಿ ಗಂಟಾಗಿತ್ತು.

ಅಂದು ನಾನು ನನ್ನ ಜೀವನದ ಅತ್ಯುತ್ತಮ ವಾದವನ್ನು ಆ ಮುಂಗೋಣೆಯಲ್ಲಿ ಮಂಡಿಸಿದೆ. ಮಾತು ಕೊಡುವುದು ಒಂದು ಉದ್ದೇಶಕ್ಕಾಗಿ; ಉದ್ದೇಶವೇ ಅಳಿದ ಮೇಲೆ ಮಾತಿನ ಹಂಗು ಏಕೆ? ನುಡಿಯದ ಪೆಟ್ಟಿಗೆಗಳಿಗಾಗಿ ನುಡಿಯಬಲ್ಲ ವಾಲ್ವುಗಳನ್ನು ಕೂಡಿಹಾಕುವುದು ಸತ್ತವರಿಗಾಗಿ ಬದುಕಿರುವವರನ್ನು ಉಪವಾಸವಿಟ್ಟಂತಲ್ಲವೇ? ದೊಡ್ಡವ್ವನ ವಂಶವೇ ನಿಂತುಹೋದರೆ ಈ ಮೀಸಲು ಯಾರ ಮೀಸಲು? ಅಕ್ಕ ಕೊನೆಯವರೆಗೂ ಕೇಳಿದರು. ಆ ಪುಟ್ಟ ಪೆಟ್ಟಿಗೆಗೆ ಕಿವಿಗೊಟ್ಟಷ್ಟೇ ಗಮನ.

"ನೀವು ಗೆದ್ರಿ ಮೇಷ್ಟ್ರೇ," ಎಂದರು. "ಆದ್ರ ಕೊಡಕಾಗಲ್ಲ."

"ನಾನು ಹೇಳಿದ್ದರಲ್ಲಿ ತಪ್ಪೇನಿದೆ ಹೇಳಿ."

"ಒಂದೂ ತಪ್ಪಿಲ್ಲ. ಅದ್ಕೇ ಗೆದ್ರಿ ಅಂದಿದ್ದು."

ಚರ್ಚಾಸ್ಪರ್ಧೆಯಲ್ಲಿ ಇಂಥ ಉತ್ತರಕ್ಕೆ ಎದುರು ಹೇಳುವುದನ್ನು ನಮಗೆ ಯಾರೂ ಕಲಿಸಿರಲಿಲ್ಲ. ಕೊನೆಗೆ ಒಂದು ಉಪಾಯ ಹೊಳೆಯಿತು. ಯಾರಿಗೆ ಮೀಸಲೋ ಅವರೇ ಬಾಯಿ ಬಿಟ್ಟು ಬೇಡವೆಂದರೆ? ಅಕ್ಕ "ಅವ್ರಾಗೇ ಬುಟ್ರ ಬುಟ್ಟಂಗೇ," ಎಂದು ಒಪ್ಪಿದರು. ಆದರೆ ಒಂದು ಷರತ್ತು: ಗಂಟನ್ನು ಜೊತೆಗೇ ಒಯ್ಯಬೇಕು. "ಕಣ್ಗ ಕಾಣದ್ನ ಬುಡು ಅನ್ನದು ಮೋಸ."

ಮೊದಲು ಹರದನಹಳ್ಳಿ. ನನ್ನ ಹಳೆಯ ಸ್ಕೂಟರಿನ ಹಿಂದೆ ಅಕ್ಕ, ಅವರ ಮಡಿಲಲ್ಲಿ ಗಂಟು, ಹೆಗಲಲ್ಲಿ ಸಾಮಾನಿನ ಚೀಲ. ಹಿಂದೆ ಆರ್ಕೆಸ್ಟ್ರಾದಲ್ಲಿದ್ದ ಅಲ್ಲಿಯ ಗಿಟಾರಿನವ ಈಗ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಅವನ ದೊಡ್ಡವ್ವ ಗಿರಣಿಯ ಮೂಲೆಯಲ್ಲಿ, ತಲೆಯ ಮೇಲೆ ಮೂಟೆ ಹೊತ್ತು, ರಾಗಿಹಿಟ್ಟಿನಲ್ಲಿ ಬೂದುಬಣ್ಣವಾಗಿದ್ದಳು.

"ಯಾಕ್ಲಾ, ಇವಳ್ನ ಜಗಲಿ ಮಾಡ್ಕಂಡಿದ್ದೈ?"

"ಏನ್ ಮಾಡನಕ್ಕ, ಉಸ್ರೆತ್ತಲ್ಲ ಅಂತಳ. ನುಡ್ಸಕೂ ಯಾರ್ ಕರೀತರ ಈಗ?"

ನಾನು ಅಕ್ಕನ ಕಿವಿಯಲ್ಲಿ ಹೇಳಿದೆ: "ಮೊದಲು ಕೇಳಿ ಅಕ್ಕ, ಆಮೇಲೆ ಬಿಚ್ಚಿ."

"ಉಸ್ರಿಲ್ದೋಳ್ನ ಮುಂದಿಟ್ಕಂಡು ಏನ್ ಕೇಳದು ಮೇಷ್ಟ್ರೇ?" ಎಂದವರೇ ಮೂಟೆ ಇಳಿಸಿ, ಬೆನ್ನು ಬಿಚ್ಚಿ, ಎಡಗೈ ಹಿಂದಕ್ಕೆ ಸಿಕ್ಕಿಸಿಕೊಂಡು ಕುಳಿತರು. ಹಿಟ್ಟು ಝಾಡಿಸಿದರು. ಸುಟ್ಟುಹೋಗಿದ್ದ ನಾಲ್ಕು ವಾಲ್ವು ಕಿತ್ತು, ತಾವು ಬಿಡಿಸಿಕೊಳ್ಳಲೆಂದು ತಂದಿದ್ದ ಗಂಟನ್ನೇ ಬಿಚ್ಚಿ ಆ ನಾಲ್ಕನ್ನು ಕೂರಿಸಿದರು. ಗಿರಣಿ ನಿಲ್ಲಿಸಿದರು. ಸ್ವಿಚ್ ಹಾಕಿ, "ಕಾಯ್ಲಿ, ಯಾರೂ ಮಾತಾಡ್ಬ್ಯಾಡಿ," ಎಂದರು. ವಾಲ್ವು ಬಿಸಿಯಾಗುವವರೆಗೆ ಮೌನವಾಗಿರಬೇಕೆಂಬುದು ಅವರ ನಿಯಮ. ಅದಕ್ಕೆ ಕಾರಣವೇನಾದರೂ ಇತ್ತೋ, ನನ್ನಂಥವರ ಬಾಯಿ ಮುಚ್ಚಿಸುವುದಕ್ಕೋ, ತಿಳಿಯದು. ರಾಗಿ ಬೀಸಿಸಲು ಬಂದ ಹೆಂಗಸರು ಮಂಕರಿ ಇಳಿಸಿ ನಿಂತರು. ಒಳಮನೆಯಿಂದ ಗಿಟಾರ್ ಬಂತು. ಅವನು ಒಂದೇ ಒಂದು ತಂತಿ ಮೀಟಿದ. ಗಿರಣಿಯ ತಗಡಿನ ಸೂರು ಝೇಂಕರಿಸಿತು. ಯಾರೋ ಒಬ್ಬಾಕೆ, "ಅಯ್ಯೋ ಸಿವನೇ!" ಎಂದು ನಕ್ಕಳು. ಅವನು ನಿಲ್ಲಿಸಲೇ ಇಲ್ಲ.

ಕೊನೆಗೆ ಅಕ್ಕ ಕೇಳಿದರು. "ನಿನ್ ಮೀಸಲು ಬುಟ್ಬುಡ್ತಿಯ? ಬೇರೆ ಕೆಲ್ಸಕ ಬೇಕಾಗದ."

ಅವನ ಮುಖ ಇಳಿಯಿತು. "ನೀವು ಬಂದ್ ಗಳ್ಗಲೇ ಕೇಳಿದ್ರ ಬುಟ್ಬುಡ್ತಿದ್ದಿ ಕನಕ್ಕ. ಈಗ ಬುಡಕಾದ್ದಾ?"

ಲೆಕ್ಕ ಹೀಗಾಯಿತು: ಮೀಸಲು ಖರ್ಚಾಯಿತು, ಅದರ ಬದಲಿಗೆ ಡಬ್ಬಿಯಿಂದ ನಾಲ್ಕು ತೆಗೆದು ಹೊಸ ಮೀಸಲು ಕಟ್ಟಬೇಕಾಯಿತು. ಬಿಡಿಸಿಕೊಳ್ಳಲು ಹೋದವರು ಇನ್ನಷ್ಟು ಕಟ್ಟಿಕೊಂಡು ಬಂದೆವು.

ಉಡಿಗಾಲದಲ್ಲಿ ನಾನು ಜಾಣನಾದೆ. ಅಲ್ಲಿಯವನು ಹೊಲದ ಕೆಲಸದ ಜೊತೆಗೆ ಸೊಸೈಟಿಯಲ್ಲಿ ಸಂಬಳಕ್ಕಿದ್ದ. ಅಕ್ಕ ಸ್ಕೂಟರಿನಿಂದ ಇಳಿಯುವ ಮೊದಲೇ ಬಾಗಿಲಲ್ಲಿ ಅವನನ್ನು ಹಿಡಿದು ವಿಷಯ ಹೇಳಿದೆ. "ಅಯ್ಯೋ, ಬುಟ್ಟಿವ್ನಿ ಬುಡಿ ಮೇಷ್ಟ್ರೇ, ಅದ್ರ ಮ್ಯಾಲ ಟೀವಿ ಮಡ್ಗಿವ್ನಿ," ಎಂದ. ನನ್ನ ಎದೆ ಹಗುರಾಯಿತು. ಆದರೆ ಒಳಗೆ ಹೋದ ಅಕ್ಕ ಟೀವಿ ಇಳಿಸಿ, ಅವನ ಕೈಯಲ್ಲಿ ದೊಡ್ಡವ್ವನನ್ನು ನುಡಿಸಿಯೇ ಬಿಟ್ಟರು. ನಾವು ಊರ ಬಾಗಿಲು ದಾಟುವಷ್ಟರಲ್ಲಿ ಹಿಂದಿನಿಂದ ಬೈಕಿನ ಸದ್ದು ಕೇಳಿತು.

"ಮೇಷ್ಟ್ರೇ, ನಾ ಏಳಿದ್ದ ಏಳ್ನಿಲ್ಲ ಅನ್ಕಳಿ!"

"ನೀವು ಮಾತು ಕೊಟ್ಟಿದ್ದೀರಿ," ಎಂದೆ ನಾನು ಕಠಿಣವಾಗಿ.

ಅಕ್ಕ ಹಿಂದಿನಿಂದ ನನ್ನ ಹೆಗಲು ತಟ್ಟಿದರು. "ಮನಸಾರ ಬುಟ್ಟಿದ್ರ ಬೈಕ್ ತಕ್ಕಂಡ್ ಓಡ್ ಬತ್ತಿದ್ನಾ? ನಡೀರಿ."

ಹಂಗಳಕ್ಕೆ ಬಸ್ಸಿನಲ್ಲಿ ಹೋದೆವು. ಗುಂಡ್ಲುಪೇಟೆಯಲ್ಲಿ ಇನ್ನೊಂದು ಬಸ್ಸಿಗೆ ಕಾಯುತ್ತ ನಾನು ಅಕ್ಕನಿಗೆ ಖಡಾಖಂಡಿತವಾಗಿ ಹೇಳಿದೆ: ಈ ಸಲ ಚೀಲ ಬಿಚ್ಚಬಾರದು. ಬಿಚ್ಚುವ ಅಗತ್ಯವೇ ಬರಲಿಲ್ಲ. ಹಂಗಳದವರ ದೊಡ್ಡವ್ವ ನಡುಮನೆಯಲ್ಲಿ ಶುಭ್ರವಾದ ಪಂಚೆ ಹೊದ್ದು ಕುಳಿತಿದ್ದಳು. ಒಳಗೆ ಧೂಳಿಲ್ಲ, ದೋಷವಿಲ್ಲ.

"ಯಾವಾಗ ನುಡಿಸುತ್ತೀರಿ ಇದನ್ನು?" ಎಂದು ಕೇಳಿದೆ.

"ನುಡ್ಸಲ್ಲ ಸಾ. ಕಾಡಿನಂಚು, ರೆಸಾರ್ಟಲ್ಲಿ ಜೋರಾಗಿ ಸದ್ದು ಮಾಡಂಗಿಲ್ಲ. ಅಲ್ಲಿ ಆ ಪುಟ್ ಪೆಟ್ಗನೇ. ಊರಲ್ಲಿ ನುಡ್ಸಿದ್ರ ದನ ಬೆದರ್ತವ ಅಂತ ಬೈತರ."

"ನುಡಿಸುವುದೇ ಇಲ್ಲ, ಕೆಡುವ ಸಂಭವವೂ ಇಲ್ಲ. ಹಾಗಾದರೆ ಮೀಸಲು ಬಿಟ್ಟುಕೊಡಬಹುದಲ್ಲ?" ವಾದದಲ್ಲಿ ಬಿರುಕೇ ಇರಲಿಲ್ಲ.

ಅವರು ಅಕ್ಕನ ಕಡೆ ತಿರುಗಿದರು. "ಅಕ್ಕ, ಆ ಪೆಟ್ಗ ಕೆಟ್ರ ಇನ್ನೊಂದ್ ತತ್ತಿನಿ. ರೆಸಾರ್ಟ್‌ನೋರ್ಗ ನಾ ಕೆಟ್ರ ಅವ್ರೂ ಇನ್ನೊಬ್ನ ತತ್ತರ. ನನ್ ಎಸ್ರಲ್ಲಿ ಯಾರೋ ಒಬ್ರು ಏನೋ ಎತ್ತಿ ಮಡ್ಗವ್ರ ಅಂತ ಇರದು ಇದೊಂದೇ. ಇದ್ನೂ ಬುಡು ಅಂತ ನೀವೇ ಏಳಿದ್ರ ಬುಟ್ಬುಡ್ತಿನಿ."

ಅಕ್ಕ ಗಂಟನ್ನು ಮಡಿಲಲ್ಲಿ ಭದ್ರ ಮಾಡಿಕೊಂಡು, ಅವರ ಮನೆಯಾಕೆ ಕೊಟ್ಟ ಕಾಫಿ ಕುಡಿದು ಎದ್ದರು.

ಹಿಂದಿರುಗುವ ಬಸ್ಸಿನಲ್ಲಿ ನನಗೆ ಕೋಪವಿತ್ತು. ನಿಮಗೆ ಬಿಡಿಸಿಕೊಳ್ಳುವ ಮನಸ್ಸೇ ಇರಲಿಲ್ಲ, ನನ್ನನ್ನು ಸುಮ್ಮನೆ ಸುತ್ತಾಡಿಸಿದಿರಿ ಎಂದೆ. ಅಕ್ಕ ಮಡಿಲ ಗಂಟಿನ ಮೇಲೆ ಕೈಯಿಟ್ಟರು.

"ಬುಡುಸ್ಕಳನ ಅಂತ್ಲೇ ಬಂದಿದ್ದು ಮೇಷ್ಟ್ರೇ. ಮಾದಪ್ಪನಾಣೆ. ಇನ್ನೊಂದು ದೊಡ್ಡವ್ವನ್ನ ಮಾಡ್ಬೇಕು ಅಂತ ಕೈ ತುರೀತದ. ಕಣ್ ಸಂದಾಗಿರಗಂಟ ಮಾಡ್ಬೇಕು. ಬೀರ ಮುಂದ ಓಗಿ ನಿಂತ್ಕತಿನಿ. ಎಲ್ಲಾ ಅಲ್ಲೇ ಅದ. ಕೈ ನೀಡಿದ್ರ ಸಿಕ್ತದ. ನೀಡಕಾಗಲ್ಲ."

ಅವರ ದನಿ ಹಾಗೆ ಕುಗ್ಗಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು. ಅವರು ಯಾರ ಮೇಲೂ ದೂರು ಹೇಳುತ್ತಿರಲಿಲ್ಲ, ಕಾಲದ ಮೇಲೂ ಇಲ್ಲ. ತಾವೇ ಹೆಣೆದ ಬಲೆ ಎಷ್ಟು ಗಟ್ಟಿ ಎಂಬುದು ಹೆಣೆದವರಿಗಲ್ಲದೆ ಯಾರಿಗೆ ತಿಳಿಯಬೇಕು?

ಆದರೂ ಅವರು ಕೆಲಸ ಶುರು ಮಾಡಿದರು. ಮಾರಲು ಅಲ್ಲ, ಸಂಘಕ್ಕೆ. ಮುಂದೆ ಕಲಿಯುವವರು ಬಿಚ್ಚಿ ನೋಡಲು ಒಂದು ದೊಡ್ಡವ್ವ. ಮಳೆಗಾಲವೆಲ್ಲ ಕುಳಿತು ತಂತಿ ಸುತ್ತಿದರು, ಹಳೆಯ ವಾಲ್ವುಗಳ ಹದಕ್ಕೆ ಹೊಂದುವಂತೆ. ತೇಗದ ಪೆಟ್ಟಿಗೆಗೆ ತಾವೇ ಪಾಲಿಶ್ ಹಚ್ಚಿದರು. ಡಬ್ಬಿಯಲ್ಲಿ ಕಡೆಗೆ ಒಂದೇ ಹದದ ನಾಲ್ಕು ವಾಲ್ವು ಉಳಿದಿದ್ದವು. ಒಂದು ದೊಡ್ಡವ್ವನಿಗೆ ಅಷ್ಟು ಸಾಕು. ಅವನ್ನು ಕೂರಿಸುವ ದಿನ ನಾನು ಎಲ್ಲ ಕೆಲಸ ಬಿಟ್ಟು ಹೋದೆ.

ಅಕ್ಕ ಆ ನಾಲ್ಕನ್ನೂ ಒರೆಸಿ, ಹಳೆಯ ಸೀರೆಯ ತುಂಡೊಂದನ್ನು ಹಾಸಿ, ಒಂದೊಂದಾಗಿ ಸುತ್ತತೊಡಗಿದರು.

"ಅಕ್ಕ, ಏನು ಮಾಡುತ್ತಿದ್ದೀರಿ?"

"ಮೊದ್ಲು ಮೀಸಲು."

"ಪೆಟ್ಟಿಗೆಗೇ ವಾಲ್ವಿಲ್ಲ! ಇಲ್ಲದ ವಾಲ್ವಿಗೆ ಬದಲಿ ವಾಲ್ವು ಎತ್ತಿಡುತ್ತೀರಾ?"

"ಮೀಸಲಿಲ್ದ ಕೊಟ್ರ ಇದೂ ಆ ಪುಟ್ ಪೆಟ್ಗನೇ ಆಯ್ತದ. ಕೆಟ್ರ ಎಸಿ ಅಂದಂಗ. ಪೆಟ್ಗಗ ಎಲ್ಲಿಂದಾದ್ರೂ ಬತ್ತವ ಬುಡಿ."

ಎಲ್ಲಿಂದಲೂ ಬರಲಿಲ್ಲ. ಮೈಸೂರಿನವರು ಹುಡುಕಿಸಿ ಕಳಿಸಿದ ಹಳೆಯ ವಾಲ್ವುಗಳಲ್ಲಿ ಒಂದು ಉರಿದರೆ ಒಂದು ಉರಿಯದು. ಉರಿದವು ಒಂದೇ ಹದದವಲ್ಲ. ಅಕ್ಕ ಅವನ್ನು ಒಂದೊಂದಾಗಿ ಪರೀಕ್ಷಿಸಿ ವಾಪಸು ಕಳಿಸುತ್ತಲೇ ಇದ್ದರು. ಮಾಘ ಮುಗಿಯುವ ಹೊತ್ತಿಗೆ ಅವರಿಗೆ ಕುಳಿತುಕೊಳ್ಳಲೂ ಆಗುತ್ತಿರಲಿಲ್ಲ. ನೋಡಲು ಹೋದಾಗ ಮಲಗಿದಲ್ಲಿಂದಲೇ ಬಾಗಿಲಿನ ಕಡೆ ಕಣ್ಣು ಹಾಯಿಸಿ, "ಬಂದ್ವಾ?" ಎಂದು ಕೇಳುತ್ತಿದ್ದರು.

ತಿಥಿ ಮುಗಿದ ಮೇಲೆ ಅಕ್ಕನ ತಮ್ಮ ಆ ಬೀರುವನ್ನೂ ಪೆಟ್ಟಿಗೆಯನ್ನೂ ಗಾಡಿಯಲ್ಲಿ ಹೇರಿಸಿ ನಮ್ಮ ಸಂಘದ ಕೋಣೆಗೆ ಕಳಿಸಿದರು. "ನಮ್ಮಕ್ಕ ನಿಮ್ಗೇ ಅಂದಿದ್ರು. ನಂಗ ಇದ್ರ ತಲಬುಡ ತಿಳಿಯಲ್ಲ," ಎಂದರು. ಮುಂ‌ಗೋಣೆಯನ್ನು ಬಾಡಿಗೆಗೆ ಕೊಡುವ ಯೋಚನೆ ಅವರದು. ತಪ್ಪೇನೂ ಇಲ್ಲ.

ಹೋದ ವಾರ ಮೈಸೂರಿನವರು ಬಂದರು. ಪೆಟ್ಟಿಗೆಯ ಬೆನ್ನು ಬಿಚ್ಚಿ, ತಂತಿಯ ಕೆಲಸ ನೋಡಿ, ತಲೆಯಾಡಿಸುತ್ತ ನಿಂತರು. ಖಾಲಿ ಸಾಕೆಟ್ಟುಗಳು ನಾಲ್ಕು. ಆಮೇಲೆ ಬೀರುವಿನ ಕಡೆ ತಿರುಗಿದರು. 'ಸಂಘ' ಎಂದು ಬರೆದ ಗಂಟು ಮುಂದೆಯೇ ಇತ್ತು.

"ವಾಲ್ವು ಇಲ್ಲಿದೆ, ಸಾಕೆಟ್ಟು ಅಲ್ಲಿದೆ. ಎರಡೂ ನಿಮ್ಮದೇ. ಕೂರಿಸೋದು ಐದು ನಿಮಿಷದ ಕೆಲಸ ಸಾರ್," ಎಂದರು. "ಅವರ ಕೊನೇ ಕೆಲಸ ಒಂದ್ಸಲಾನೂ ನುಡೀದೆ ಹೀಗೇ ಇರೋದು ಅವರಿಗೆ ಮಾಡೋ ಮರ್ಯಾದೇನಾ? ನುಡಿದ್ರೆ ನಾಲ್ಕು ಜನ ಕೇಳ್ತಾರೆ. ಕೇಳಿದವರಲ್ಲಿ ಒಬ್ಬ ಕಲೀತಾನೆ. ನೀವೇ ಇಷ್ಟು ವರ್ಷ ಹೇಳ್ತಾ ಬಂದಿದ್ದು ಇದನ್ನೇ ಅಲ್ವಾ?"

ಒಳ್ಳೆಯ ವಾದ. ತೀರ್ಪುಗಾರನಾಗಿ ಕುಳಿತಿದ್ದರೆ ಫಲಕವನ್ನು ಅವರಿಗೇ ಕೊಡುತ್ತಿದ್ದೆ.

"ನೀವು ಗೆದ್ದಿರಿ," ಎಂದೆ.

ಅವರು ನಗುತ್ತ ಗಂಟಿಗೆ ಕೈ ಚಾಚಿದರು.

"ಆದರೆ ಕೊಡಲಾಗುವುದಿಲ್ಲ."

ಅವರ ಕೈ ಅಲ್ಲೇ ನಿಂತಿತು. ನಾನು ಹಾಸ್ಯ ಮಾಡುತ್ತಿದ್ದೇನೆಯೇ ಎಂದು ನನ್ನ ಮುಖ ನೋಡಿದರು. "ಮತ್ತೆ ಯಾವಾಗ ಸಾರ್ ಇದನ್ನ ಬಿಚ್ಚೋದು?"

"ಆ ಪೆಟ್ಟಿಗೆ ಕೆಟ್ಟಾಗ."

"ಅದಿನ್ನೂ ಹುಟ್ಟೇ ಇಲ್ಲ. ಹುಟ್ಟದೇ ಇರೋದು ಕೆಡೋದು ಹೇಗೆ?"

ನಾನು ಬೀರುವಿನ ಬಾಗಿಲು ಮುಚ್ಚಿ ಬೀಗ ಹಾಕಿದೆ.